ನೂರಹದಿಮೂರನೆಯ ರೆಜಿಮೆಂಟಿನ ಇತಿಹಾಸ — ಕಂತು ೭: ಸೂಜಿಯ ತೂತುಗಳು

ಬಳಪದ ಸದ್ದು. ಸ್ಲೇಟಿನ ಮೇಲೆ ಬಳಪ ಎಳೆದಾಗ ಬರುವ, ಹಲ್ಲು ಜುಮ್ಮೆನ್ನಿಸುವ ಸಣ್ಣ ಕೀಚಲು. ಹನ್ನೊಂದು ವರ್ಷ ಹಗಲೆಲ್ಲ ಅದನ್ನೇ ಕೇಳಿದ ನನಗೆ ನಿದ್ದೆಯಲ್ಲೂ ಅದರ ಗುರುತು ತಪ್ಪುವಂತಿರಲಿಲ್ಲ. ಆದರೆ ಕಾವಲುಕೋಣೆಯ ಗಂಟೆ ಆಗಷ್ಟೇ ಎರಡು ಹೊಡೆದಿತ್ತು.

ನನ್ನ ಕೋಣೆಗೂ ಶಾಲೆಗೂ ನಡುವೆ ಇರುವುದು ಒಂದು ಬಿದಿರಿನ ತಟ್ಟಿ. ಅದರ ಸಂದಿಗಳಿಂದ ದೀಪದ ಬೆಳಕು ನನ್ನ ಹಾಸಿಗೆಯ ಮೇಲೆ ಗೆರೆಗೆರೆಯಾಗಿ ಬಿದ್ದಿತ್ತು. ಕೀಚಲು ನಿಂತಿತು. ಬಟ್ಟೆಯಲ್ಲಿ ಒರೆಸಿದ ಸದ್ದು. ಮತ್ತೆ ಕೀಚಲು.

ಹೆದರಲಿಲ್ಲ ಎಂದರೆ ಸುಳ್ಳು. ಕೂಗಿದರೆ ಯಾರು ಬರುತ್ತಾರೆ ಎಂದು ಯೋಚಿಸಿದೆ. ಅಧಿಕಾರಿಗಳ ಬಂಗಲೆಗಳು ದೂರ. ಸೈನಿಕರ ಸಂಸಾರಗಳ ಸಾಲು ಹತ್ತಿರವೇ ಇದೆ, ಆದರೆ ನಾನು ಹೋದರೆ ಅಲ್ಲಿಯ ಹೆಂಗಸರು ಮಾತು ನಿಲ್ಲಿಸಿ ಎದ್ದು ನಿಲ್ಲುತ್ತಾರೆ. ರೆಜಿಮೆಂಟಿನ ಶಾಲೆಯ ಮಿಸ್ ಆ ಪೈಕಿಯೂ ಅಲ್ಲ, ಈ ಪೈಕಿಯೂ ಅಲ್ಲ. ಅಂಥವಳು ರಾತ್ರಿ ಎರಡು ಗಂಟೆಗೆ ಯಾರ ಹೆಸರು ಹಿಡಿದು ಕೂಗಬೇಕು?

ಶಾಲು ಹೊದ್ದು, ಇಸ್ತ್ರಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಬಾಗಿಲು ತಳ್ಳಿದೆ.

ಮಕ್ಕಳ ಬೆಂಚಿನಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುಡಿ ಕುಳಿತಿದ್ದವನು ಸಾರ್ಜೆಂಟ್ ಏಮಸ್ ರಡ್ಕಿನ್.

ಕೊಲೆಗಾರನೆಂದು ನಾನು ಒಳಗೊಳಗೇ ತೀರ್ಮಾನಿಸಿದ್ದವನು. ಐದು ತಿಂಗಳು ಇಪ್ಪತ್ತು ದಿನಗಳ ಹಿಂದೆ ಆಫೀಸಿನ ಗುಮಾಸ್ತ ಕಾರ್ಪೊರಲ್ ಎಫ್ರೈಮ್ ಟಲ್ಲಿಯ ಬೂಟುಗಳು ಬರ್ಮಾದ ಈ ಐರಾವತಿ ನದಿಯ ದಂಡೆಯಲ್ಲಿ ಸಿಕ್ಕಿದ್ದವು, ಹೆಣ ಸಿಗಲಿಲ್ಲ. ಬೂಟನ್ನೂ ಅದರೊಳಗಿದ್ದ ಚೀಟಿಯನ್ನೂ ತಂದುಕೊಟ್ಟವನು ಈ ರಡ್ಕಿನ್. ಬರುವ ಶನಿವಾರ ಟಲ್ಲಿಯ ವಿಧವೆ ಡಾರ್ಕಸ್‌ಳನ್ನು ಮದುವೆಯಾಗುವವನೂ ಇವನೇ.

"ಇಸ್ತ್ರಿಪೆಟ್ಟಿಗೆ ಕೆಳಗಿಡಿ ಮಿಸ್," ಎಂದ ಅವನು. "ಬೆಳಿಗ್ಗೆ ಪರೇಡಿದೆ. ತಲೆ ಬೇಕು."

"ಇಲ್ಲೇನು ಮಾಡ್ತಿದ್ದೀರಿ ಸಾರ್ಜೆಂಟ್?"

"ಸುಮ್ನೆ ಕೂತಿದ್ದೆ."

"ಆ ಸ್ಲೇಟ್ ಕೊಡಿ."

ಅವನು ಅಂಗೈಯಿಂದ ಅದನ್ನು ಮುಚ್ಚಿಕೊಂಡ. ಆರು ವರ್ಷದ ಮಕ್ಕಳು ಮುಚ್ಚಿಕೊಳ್ಳುವುದೂ ಹಾಗೆಯೇ. "ಬೇಡ ಮಿಸ್. ಹೋಗಿ ಮಲಕ್ಕೊಳ್ಳಿ."

ಎಷ್ಟೋ ವಾರ ಬಾಯಲ್ಲೇ ತಿರುಗಿಸಿ ತಿರುಗಿಸಿ ನುಣುಪು ಮಾಡಿಟ್ಟುಕೊಂಡಿದ್ದ ಮಾತು ಹೊರಬಿದ್ದೇಬಿಟ್ಟಿತು. "ಟಲ್ಲಿಯ ಕೈಬರಹ ಅಭ್ಯಾಸ ಮಾಡ್ತಿದ್ದೀರಾ? ಆ ಚೀಟೀನೂ ಹೀಗೇ ಬರೆದಿದ್ದು ತಾನೇ? ಅವನನ್ನ ನದಿಗೆ ನೂಕಿ, ಚೀಟಿ ನೀವೇ ಬರೆದು, ನೀವೇ ಬೂಟಿನಲ್ಲಿಟ್ಟು, ನೀವೇ ಎತ್ತಿಕೊಂಡು ಬಂದ್ರಿ. ಅವನ ಹೆಂಡತಿ ಬೇಕಾಗಿತ್ತು ನಿಮಗೆ."

ರಡ್ಕಿನ್ ನನ್ನನ್ನೇ ನೋಡಿದ. ಕೋಪಗೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನ ಹೆಗಲು ಅಲುಗಿತು, ಸದ್ದಿಲ್ಲದೆ ನಗುತ್ತಿದ್ದ. ಸ್ಲೇಟನ್ನು ನನ್ನ ಕಡೆ ನೂಕಿದ.

"ಓದಿ ಮಿಸ್. ಏನು ಬರೆದಿದೆ ಅಂತ ಜೋರಾಗಿ ಓದಿ. ಸರಿಯಾಗಿದೆಯೋ ಇಲ್ವೋ ನಂಗೆ ಗೊತ್ತಾಗಲ್ಲ."

ಅವನದೇ ಹೆಸರು. ಏಳು ಸಲ. ಅಕ್ಷರಗಳು ಸಂಬಳದ ದಿನ ಕ್ಯಾಂಟೀನಿನಿಂದ ಹೊರಬಿದ್ದವರ ಹಾಗೆ ಒಂದರ ಮೇಲೊಂದು ವಾಲಿದ್ದವು. ಎರಡು ಅಕ್ಷರ ಹಿಂದುಮುಂದಾಗಿ ನಿಂತಿದ್ದವು.

"ನಿಮಗೆ ಬರೆಯೋಕೆ..."

"ಬರೆಯಕ್ಕೂ ಬರಲ್ಲ, ಓದಕ್ಕೂ ಬರಲ್ಲ."

"ಸಾರ್ಜೆಂಟ್ ಆಗ್ಬೇಕಾದ್ರೆ ಪರೀಕ್ಷೆ ಇದೆಯಲ್ಲ!"

"ನನ್ನ ಹೆಸರಲ್ಲಿ ಟಲ್ಲಿ ಕೂತು ಬರೆದ. ಒಂದು ಸೀಸೆ ರಮ್ಮಿಗೆ. ಅವತ್ತಿಂದ ದಿನಾ ಬೆಳಿಗ್ಗೆ ಆರ್ಡರ್ ಕಾಗದ ಅವನು ಓದಿ ಹೇಳೋನು, ನಾನು ಬಾಯಿಪಾಠ ಮಾಡ್ಕೊಂಡು ಕಂಪನಿ ಮುಂದೆ ಓದೋ ಹಾಗೆ ನಟನೆ ಮಾಡೋನು. ಒಂದ್ಸಲ ಕಾಗದ ತಲೆಕೆಳಗಾಗಿ ಹಿಡ್ಕೊಂಡಿದ್ದೆ. ಮುಂದಿನ ಸಾಲೆಲ್ಲ ನೋಡ್ತು. ಒಬ್ಬನೂ ನಗಲಿಲ್ಲ." ಅವನು ತನ್ನ ಮುಷ್ಟಿಯನ್ನು ನೋಡಿಕೊಂಡ. "ನಾನು ಅವನನ್ನ ಕೊಲ್ಲೋದಾ ಮಿಸ್? ಅವನು ಹೋದ ಮೇಲೆ ನಾನು ಕುರುಡ. ಯಾವತ್ತು ಸಿಕ್ಕಿಬೀಳ್ತೀನೋ ಅಂತ ಐದು ತಿಂಗಳಿಂದ ಅನ್ನ ಇಳೀತಿಲ್ಲ."

ಇಸ್ತ್ರಿಪೆಟ್ಟಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು. ಕೆಳಗಿಟ್ಟೆ.

"ಶನಿವಾರ ಚರ್ಚಿನ ಪುಸ್ತಕದಲ್ಲಿ ಸಹಿ ಹಾಕ್ಬೇಕು. ಕರ್ನಲ್ ಸಾಹೇಬ್ರು ಪಕ್ಕದಲ್ಲೇ ನಿಂತಿರ್ತಾರೆ. ಅವರೆದುರು ಸಾರ್ಜೆಂಟು ಹೆಸರಿನ ಬದಲು ಕತ್ತರಿ ಗುರುತು ಹಾಕಿದ್ರೆ ತೋಳಿನ ಪಟ್ಟಿ ಅಲ್ಲೇ ಕಿತ್ತುಬಿಡ್ತಾರೆ. ಡಾರ್ಕಸ್ ಹಾಕೋದೂ ಗುರುತೇ. ಇಬ್ರೂ ಕತ್ತರಿ ಹಾಕಿದ್ರೆ ಅದೇನು ಮದುವೇನೋ ದರ್ಜಿ ಅಂಗಡೀನೋ?"

ದೀಪವನ್ನು ಸ್ಲೇಟಿನ ಹತ್ತಿರಕ್ಕೆ ಎಳೆದೆ.

"ನಂಗೆ ನಲವತ್ತೊಂದು," ಎಂದ ರಡ್ಕಿನ್, ಸ್ಲೇಟಿನ ಕಡೆ ನೋಡುತ್ತ. "ಎಂಬತ್ತು ಜನ ಗೊರಕೆ ಹೊಡೆಯೋ ಕಡೆ ಇಪ್ಪತ್ತೆರಡು ವರ್ಷ ಒಬ್ಬನೇ ಮಲಗಿದ್ದೀನಿ. ಸಾಕಾಯ್ತು ಮಿಸ್. ಅವಳಿಗೂ ಇನ್ನು ಹತ್ತೇ ದಿನ."

ಹತ್ತು ದಿನ. ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಗಂಡ ಸತ್ತ ಮೇಲೆ ಹೆಂಡತಿಗೆ ಆರು ತಿಂಗಳು ರೇಶನ್, ಆರು ತಿಂಗಳು ಸೂರು. ಅಷ್ಟರಲ್ಲಿ ಇನ್ನೊಬ್ಬನ ಹೆಂಡತಿಯಾಗಬೇಕು, ಇಲ್ಲವೇ ಹೆಸರು ಹೊಡೆದುಹಾಕಿ ಸ್ಟೀಮರು ಹತ್ತಿಸುತ್ತಾರೆ. ಸ್ಮಶಾನದಿಂದ ಹಿಂದಿರುಗುವಾಗಲೇ ಮೂವರು ಕೇಳುತ್ತಾರೆ. ಅದನ್ನು ಇಲ್ಲಿ ಯಾರೂ ಕೆಟ್ಟದ್ದೆಂದು ತಿಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಡಾರ್ಕಸ್‌ಗೆ ಯಾರೂ ಇಲ್ಲ. ಅವಳು ಹುಟ್ಟಿದ್ದೂ ಇಂಥದೇ ಒಂದು ಬ್ಯಾರಕ್ಕಿನಲ್ಲಿ.

ಬಳಪವನ್ನು ಅವನ ಬೆರಳಿಗೆ ಕೊಟ್ಟು, ಮೇಲೆ ನನ್ನ ಕೈ ಇಟ್ಟು ತಿದ್ದಿಸಿದೆ. "ಈ ಕಾಲು ಆ ಕಡೆ ಅಲ್ಲ. ಈ ಕಡೆ."

ಗಂಡಸಿನ ಕೈಯೊಂದನ್ನು ಕೊನೆಯದಾಗಿ ಹಿಡಿದದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋಗಲಿಲ್ಲ. ಮೂರೂವರೆಯ ಹೊತ್ತಿಗೆ ಅವನ ಹೆಸರು ನೆಟ್ಟಗೆ ನಿಂತಿತು.

ಅವನು ಹೋದ ಮೇಲೆ ನಿದ್ದೆ ಬರಲಿಲ್ಲ. ರಡ್ಕಿನ್ ಅಲ್ಲದಿದ್ದರೆ ಆ ಚೀಟಿ ಬರೆದವರು ಯಾರು?

*

"ಇನ್ನೆಷ್ಟು ಪುಟ ಮಿಸ್ ಕೀಬಲ್?" ಎಂದರು ಬೆಳಿಗ್ಗೆ ರೆಜಿಮೆಂಟಿನ ಕಾಗದಪತ್ರ ನೋಡಿಕೊಳ್ಳುವ ಅಡ್ಜುಟೆಂಟ್, ಲೆಫ್ಟಿನೆಂಟ್ ಪಾಲಿಸರ್. "ಜನರಲ್ ಸಾಹೇಬರು ನಾಳೆ ಸ್ಟೀಮರ್ ಇಳೀತಾರೆ. ನೂರ ಹತ್ತು ವರ್ಷದ ಶೌರ್ಯಾನ ಹಸಿ ಮಸಿಯಲ್ಲಿ ಕೊಡೋಕಾಗುತ್ತಾ?"

"ಕಳೆದ ವರ್ಷದ ಪುಟ ಒಂದೇ ಉಳಿದಿರೋದು ಸರ್."

ರೆಜಿಮೆಂಟಿನ ಇತಿಹಾಸವನ್ನು ಬರೆಯುತ್ತಿದ್ದವನು ಟಲ್ಲಿ. ಅವನು ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಮುಗಿಸಲು ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ನನಗೆ ಕೊಟ್ಟಿದ್ದರು. ಯಾವ ವರ್ಷ ಯಾವ ಹಡಗು, ಯಾವ ಕೋಟೆ, ಎಷ್ಟು ಸಾವು. ಇಡೀ ಪುಸ್ತಕದಲ್ಲಿ ಹೆಂಗಸು ಬರುವುದು ಒಂದೇ ಸಲ: 'ಹಡಗು ಹತ್ತಿದವರು: ಅಧಿಕಾರಿಗಳು ಮೂವತ್ತು, ಸೈನಿಕರು ಏಳುನೂರ ನಲವತ್ತು, ಕುದುರೆ ಆರು, ಹೆಂಗಸರು ಎಪ್ಪತ್ತು.' ಕುದುರೆಗಳಾದ ಮೇಲೆ.

"ಕಾರ್ಪೊರಲ್ ಟಲ್ಲಿ ವಿಷಯ ಏನು ಬರೀಲಿ?"

"ಇನ್ನೇನು? ಮುಳುಗಿ ಸತ್ತ. ಒಂದು ಸಾಲು. ಇತಿಹಾಸ ಅಂದ್ರೆ ಅಳೋ ಜಾಗ ಅಲ್ಲ."

"ಆ ಚೀಟಿ ಒಮ್ಮೆ ಕೊಡಿ ಸರ್. ಆಧಾರ ನೋಡದೆ ಬರೆದು ಅಭ್ಯಾಸ ಇಲ್ಲ ನನಗೆ."

"ಕಾಲೇಜು ಓದಿದೋರ ಹಟ!" ಎಂದು ಅವರು ಮೇಲ್ಛಾವಣಿಗೆ ಹೇಳಿದರು. ಆದರೂ ಪೆಟ್ಟಿಗೆಯ ಬೀಗ ತೆಗೆದು ಕೊಟ್ಟರು. "ನಾಲ್ಕು ಗಂಟೆಗೆ ಪುಸ್ತಕ ನನ್ನ ಕೈಯಲ್ಲಿರಬೇಕು."

ಶಾಲೆಗೆ ಬಂದು ಚೀಟಿ ಬಿಚ್ಚಿದೆ. ಆರು ಸಾಲು.

'ನನ್ನನ್ನು ಹುಡುಕಬೇಡಿ. ನದಿಯೇ ನನಗೆ ಸಾಕು. ಇದಕ್ಕೆ ಯಾರೂ ಹೊಣೆಯಲ್ಲ. ನನ್ನ ಹೆಂಡತಿಗೆ ಸಲ್ಲಬೇಕಾದ್ದು ಸಲ್ಲಲಿ. ದೇವರು ಕ್ಷಮಿಸಲಿ. ಇ. ಟಲ್ಲಿ.'

ಅಕ್ಷರ ಟಲ್ಲಿಯದೇ. ಅದೇ ಉದ್ದ ಬಾಲ, ಅದೇ ಗುಮಾಸ್ತರ ಠೀವಿ. ಪುಸ್ತಕದ ಪಕ್ಕದಲ್ಲಿಟ್ಟು ನೋಡಿದೆ. ಪುಸ್ತಕದಲ್ಲಿ ಪ್ರತಿ ಸಾಲಿನ ಕೆಳಗೂ ಸೀಸದ ಕಡ್ಡಿಯ ಸಣ್ಣ ಗೆರೆ. ಟಲ್ಲಿ ಒಂದೇ ಒಂದು ಪದ ಬರೆಯಬೇಕಾದರೂ ಗೆರೆ ಎಳೆಯುತ್ತಿದ್ದ, ಅಳಿಸುತ್ತಿರಲಿಲ್ಲ. ಚೀಟಿಯಲ್ಲಿ ಗೆರೆಯಿಲ್ಲ. ಆದರೂ ಸಾಲುಗಳು ನೆಟ್ಟಗಿದ್ದವು.

ಹೇಗೆ?

ಕಿಟಕಿಗೆ ಹಿಡಿದೆ. ಎಡ ಅಂಚಿನಲ್ಲಿ ಬೆಳಕಿನ ಆರು ಚುಕ್ಕೆಗಳು. ಬಲ ಅಂಚಿನಲ್ಲಿ ಆರು. ಸೂಜಿಯ ತೂತುಗಳು.

ಕುರ್ಚಿ ಎಲ್ಲಿದೆ ಎಂದು ಕೈಯಿಂದ ತಡಕಿ ಕುಳಿತೆ.

ಈ ಊರಿನ ತೇವಕ್ಕೆ ಸೀಸದ ಗೆರೆ ಉಜ್ಜಿದರೆ ಕಾಗದದ ನಾರು ಏಳುತ್ತದೆ, ಮಸಿ ಹರಡುತ್ತದೆ. ಅದಕ್ಕೆ ನನ್ನ ಮಕ್ಕಳಿಗೆ ಬೇರೆ ದಾರಿ ಕಲಿಸಿದ್ದೇನೆ. ಎರಡೂ ಅಂಚಿಗೆ ಸೂಜಿಯಿಂದ ಸಮನಾಗಿ ಚುಚ್ಚಿ, ತೂತಿನಿಂದ ತೂತಿಗೆ ರೂಲರು ಇಟ್ಟು ಬರೆಯುವುದು. ನಾನಲ್ಲದೆ ಈ ದಂಡಿನಲ್ಲಿ ಇನ್ಯಾರೂ ಹಾಗೆ ಕಲಿಸುವುದಿಲ್ಲ. ಕಲಿತವರು ಮೂವತ್ತೊಂದು ಮಕ್ಕಳು. ಗುಮಾಸ್ತನ ಕೈಬರಹವನ್ನು ಹೀಗೆ ನಕಲು ಮಾಡುವಷ್ಟು ದೊಡ್ಡವರು ಅವರಲ್ಲಿ ಯಾರೂ ಇಲ್ಲ.

ಮತ್ತು ಒಬ್ಬಳು ಹೆಂಗಸು. ಅವಳಿಗೆ ಬರೆಯಲು ಬರುತ್ತದೆಂದು ನನ್ನ ಹೊರತು ಯಾರಿಗೂ ತಿಳಿಯದು. "ಬರೆಯೋನು ಮನೇಲಿ ನಾನೊಬ್ಬ ಇದ್ದೀನಲ್ಲ, ಸಾಕು," ಎಂದು ಟಲ್ಲಿ ಹೇಳಿದ್ದರಿಂದ, ಬಾಗಿಲು ಹಾಕಿಕೊಂಡು ಎರಡು ಬೇಸಿಗೆ ಕಲಿಸಿದೆ. ಏಪ್ರಿಲ್ಲಿನ ಸೆಕೆಯಲ್ಲೂ ಅವಳು ತೋಳು ಮಡಿಸದೆ ಬರೆಯುತ್ತಿದ್ದಳು. ಮಸಿ ತಾಗೀತು, ಮಡಿಸು ಎಂದು ಒಂದು ದಿನ ಹೇಳಿದೆ. ಮಡಿಸಿದಳು. ಕಂಡದ್ದನ್ನು ಕಂಡೆ. ಮತ್ತೆ ಆ ಮಾತು ಎತ್ತಲಿಲ್ಲ.

ನನ್ನ ಮೇಜಿಗೆ ಎರಡು ಕುರ್ಚಿಗಳಿವೆ. ಎರಡನೆಯದರಲ್ಲಿ ಹನ್ನೊಂದು ವರ್ಷದಲ್ಲಿ ಕುಳಿತವಳು ಅವಳೊಬ್ಬಳೇ.

*

ಎರಡು ಗಂಟೆಗೆ ಡಾರ್ಕಸ್ ಬಂದಳು, ಮದುವೆಯ ಕುಪ್ಪಸ ತೋಳಿನ ಮೇಲೆ, ತುಟಿಗಳ ನಡುವೆ ಎರಡು ಗುಂಡುಸೂಜಿ. ಮಧ್ಯಾಹ್ನ ಹುಡುಗಿಯರಿಗೆ ಹೊಲಿಗೆ ಕಲಿಸುವವಳು ಅವಳೇ. ಅವರು ಬರುವುದು ಇನ್ನೂ ಅರ್ಧ ಗಂಟೆಯಿತ್ತು.

ಚೀಟಿ ಮೇಜಿನ ಮೇಲಿತ್ತು. ಬಚ್ಚಿಡಲು ನನಗೆ ಮನಸ್ಸಾಗಲಿಲ್ಲವೋ, ಕೈ ಬರಲಿಲ್ಲವೋ.

ಅವಳು ಅದನ್ನು ನೋಡಿದಳು. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಕುಪ್ಪಸಕ್ಕೆ ಚುಚ್ಚಿದಳು.

"ಐದನೇ ಸಾಲು ಸ್ವಲ್ಪ ಡೊಂಕಾಗಿದೆ ಅಲ್ವಾ ಮಿಸ್?"

ಬಾಗಿಲು ಮುಚ್ಚಿ ಬಂದೆ. "ಡಾರ್ಕಸ್. ನೀನು ಅವನನ್ನ..."

"ನೂಕಲಿಲ್ಲ." ಅವಳು ಎರಡನೆಯ ಕುರ್ಚಿಯಲ್ಲಿ ಕುಳಿತಳು. "ಬಟ್ಟೆ ಒಗೆಯೋ ಕಲ್ಲಿನ ಹತ್ರ. ಕುಡಿದಿದ್ದ, ಬೂಟು ಬಿಚ್ಚಿಟ್ಟು ಈಜ್ತೀನಿ ಅಂತ ಇಳಿದ. ಅಕ್ಟೋಬರ್ ನೀರು ಹೆಂಗಿರುತ್ತೆ ನಿಮಗೇ ಗೊತ್ತು. ಎಳ್ಕೊಂಡ್ತು. ಕೈ ಚಾಚಿದ. 'ಡಾರ್ಕಿ' ಅಂದ. ಮದುವೆ ಆದ ಹೊಸದ್ರಲ್ಲಿ ಹಾಗೆ ಕರೀತಿದ್ದ."

"ಆಮೇಲೆ?"

"ನನ್ನ ಕೈಯಲ್ಲಿ ಬಟ್ಟೆ ಗಂಟು ಹೊರೋ ಉದ್ದ ಕೋಲಿತ್ತು. ಚಾಚಿದ್ರೆ ಸಿಗ್ತಿತ್ತು ಅವನಿಗೆ. ಚಾಚಲಿಲ್ಲ. ಅಷ್ಟೇ ಮಿಸ್. ನಿಂತ್ಕೊಂಡು ನೋಡಿದೆ. ತಲೆ ಒಂದ್ಸಲ ಕಂಡ್ತು. ಇನ್ನೊಂದ್ಸಲ ಕಂಡ್ತು. ಆಮೇಲೆ ಬರೀ ನೀರು."

ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ಇಬ್ಬರೂ ಆ ಸದ್ದು ದೂರವಾಗುವ ತನಕ ಕಾದೆವು.

"ಚೀಟಿ ಯಾಕೆ ಬರೆದೆ?"

"ಹೆಣ ಸಿಗ್ದೇ ಇದ್ರೆ ಓಡಿಹೋದ ಅಂತಾನೇ ಬರ್ಕೊಳ್ಳೋರು. ಆವಾದ ಬರ್ಮೀ ರಾಜನ ಗಡಿ ಇಲ್ಲಿಂದ ಆರೇ ಮೈಲಿ, ವರ್ಷಕ್ಕೆ ನಾಲ್ಕು ಜನ ಓಡ್ತಾರೆ. ಓಡಿಹೋದೋನ ಹೆಂಡ್ತಿಗೆ ಆರು ದಿನಾನೂ ಕೊಡಲ್ಲ. ಹೊಡೆತ ತಿಂದಿದ್ದಂತೂ ತಿಂದಾಗಿತ್ತು, ಬೀದಿಗೂ ಬೀಳ್ಬೇಕಾ?"

"ರಡ್ಕಿನ್‌ಗೆ?"

"ಗೊತ್ತಿಲ್ಲ. ಪಾಪ, ಅವನಿಗೆ ಓದಕ್ಕೇ ಬರಲ್ಲ, ಅದು ನಂಗೆ ಗೊತ್ತಿಲ್ಲ ಅಂತ ಅಂದ್ಕೊಂಡಿದ್ದಾನೆ. ಮದುವೆ ಆದ್ಮೇಲೆ ಮೆತ್ತಗೆ ನಾನೇ ಕಲಿಸ್ತೀನಿ, ನೀವು ಕಲಿಸಿದ ಹಾಗೆ." ಕುಪ್ಪಸದ ಅಂಚನ್ನು ಮಡಿಸಿದಳು, ಬಿಚ್ಚಿದಳು. "ಹೇಳೋದಾದ್ರೆ ಶನಿವಾರದ ಒಳಗೆ ಹೇಳ್ಬಿಡಿ ಮಿಸ್. ಅವನು ಹೊಸ ಬೂಟು ಹೊಲಿಸಿದ್ದಾನೆ, ಸುಮ್ನೆ ದಂಡ."

ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಎದ್ದು ಹೋದಳು. ಬೇಡಿಕೊಳ್ಳಲಿಲ್ಲ.

'ಮುಳುಗಿ ಸತ್ತ' ಎಂದು ಬರೆದರೆ ಅವಳು ವಿಧವೆ, ಶನಿವಾರಕ್ಕೆ ಮದುಮಗಳು. ಬೇರೆ ಏನು ಬರೆದರೂ ಅವಳಿಗೆ ಉಳಿಯುವುದು ಬೀದಿ, ಅಥವಾ ಅದಕ್ಕಿಂತ ಕೆಟ್ಟದ್ದು. ಮಸಿಕುಡಿಕೆ ತೆರೆದೆ. 'ಕಾರ್ಪೊರಲ್ ಇ. ಟಲ್ಲಿ ಅಕ್ಟೋಬರಿನಲ್ಲಿ ನದಿಯಲ್ಲಿ ಮುಳುಗಿ ಮೃತನಾದನು.' ಆಮೇಲೆ ಚೀಟಿಯನ್ನು ಮೇಜಿನ ಮೇಲೆ ಹರಡಿ, ಹನ್ನೆರಡು ತೂತುಗಳನ್ನೂ ಉಗುರಿನ ಬೆನ್ನಿನಿಂದ ಉಜ್ಜಿ ಮುಚ್ಚಿದೆ.

*

ಮೂರು ಗಂಟೆಗೆ ಮಾ ಕಿನ್ ಮೊಟ್ಟೆ ತಂದಳು. ಗಡಿಯಾಚೆಯ ಹಳ್ಳಿಯಿಂದ ಗುರುವಾರ ದೋಣಿಯಲ್ಲಿ ಬರುತ್ತಾಳೆ. ಬಾಯಲ್ಲಿ ಹೊಗೆಯಾಡುವ ಸುರುಟು, ತಲೆಯ ಮೇಲೆ ಬುಟ್ಟಿ. ಎಣಿಸಿ ಇಟ್ಟಾದ ಮೇಲೆ ಬುಟ್ಟಿಯ ತಳದಿಂದ ಮಡಿಸಿದ ಕಾಗದ ತೆಗೆದಳು.

"ಇದು ನಿಮಗಂತೆ, ಟೀಚರಮ್ಮ."

"ಯಾರು ಕೊಟ್ರು?"

"ನಮ್ಮೂರಲ್ಲಿ ಒಬ್ಬ ಬಿಳಿಯ ಇದ್ದಾನೆ, ತೇಗದ ಸಾಹುಕಾರನ ಹತ್ರ ಬರೆಯೋ ಕೆಲಸ. ಮಳೆಗಾಲದ ಕೊನೇಲಿ ಭತ್ತದ ದೋಣಿಯೋರು ನೀರಿಂದ ಎತ್ಕೊಂಡು ನದಿ ಮೇಲ್ಗಡೆ ನಮ್ಮೂರಿಗೆ ತಂದ್ರು. ಇನ್ನೂ ಲುಂಗಿ ಉಡಕ್ಕೆ ಬರಲ್ಲ ಅವನಿಗೆ. ಸಂತೇಲಿ ಎರಡು ಸಲ ಜಾರಿದೆ." ಅವಳು ಹೊಗೆಯ ಜೊತೆ ನಕ್ಕಳು. "ನಿಮ್ಮ ದೊಡ್ಡ ಸಾಹೇಬ ಬರ್ತಾನಂತೆ, ಪುಸ್ತಕ ತೋರಿಸ್ತಾರಂತೆ ಅಂತ ಮೊನ್ನೆ ಸುಮ್ನೆ ಬಾಯಿಬಿಟ್ಟೆ. ನನ್ನೆದುರೇ ಇದನ್ನ ಬರೆದ. ಪುಸ್ತಕ ಬರೆಯೋರ ಕೈಗೇ ಕೊಡು ಅಂದ. ಅದು ಯಾರು ಅಂತ ಬಜಾರಲ್ಲಿ ಕೇಳಿದ್ರೆ ನಿಮ್ಮ ಮನೇನೇ ತೋರ್ಸಿದ್ರು."

ಬಿಚ್ಚಿದೆ. ಮೊದಲು ಕಣ್ಣಿಗೆ ಬಿದ್ದದ್ದು ಅಕ್ಷರಗಳಲ್ಲ. ಅವುಗಳ ಕೆಳಗಿನ ಸೀಸದ ಗೆರೆ.

'ಇತಿಹಾಸವನ್ನು ಈಗ ಬರೆಯುತ್ತಿರುವವರಿಗೆ. ಪುಟ ೬೩. ಮಿಂಜಾ ಮರಗೋಟೆಯಲ್ಲಿ ಗಾಯಗೊಂಡವರು ೧೯, ೯೧ ಅಲ್ಲ. ತಪ್ಪು ನನ್ನದು. ದಯವಿಟ್ಟು ತಿದ್ದುವುದು.'

ಹೆಸರಿಲ್ಲ. ಹೆಂಡತಿಯ ಬಗ್ಗೆ ಒಂದು ಪದವಿಲ್ಲ. ಸಾವಿನಿಂದ ಎದ್ದು ಬಂದವನನ್ನು ಐದು ತಿಂಗಳು ನಿದ್ದೆಗೆಡಿಸಿದ್ದು ಒಂದು ಅಂಕಿ.

ಪುಟ ಅರವತ್ತಮೂರು ತೆರೆದೆ. ಟಲ್ಲಿಯ ಕೈಬರಹ. ತೊಂಬತ್ತೊಂದು.

ಅವನು ಬದುಕಿದ್ದಾನೆ. ಡಾರ್ಕಸ್ ಯಾರನ್ನೂ ಕೊಂದಿಲ್ಲ. ಓಡಿಹೋಗಿ ಅವಳಿಗೆ ಹೇಳಬೇಕು ಎಂದು ಎದ್ದೇಬಿಟ್ಟೆ, ಬಾಗಿಲಿನವರೆಗೂ ಹೋದೆ. ಹುಡುಗಿಯರು ಜಗಲಿಯಲ್ಲಿ ಅವಳ ಸುತ್ತ ಕುಳಿತಿದ್ದರು. ಅವಳು ಯಾರದೋ ಸೂಜಿಗೆ ದಾರ ಪೋಣಿಸುತ್ತಿದ್ದಳು. ಹೇಳಿದರೆ ಅವಳ ಎದೆಯ ಕಲ್ಲು ಇಳಿಯುತ್ತದೆ. ಹೇಳಿದ ಗಳಿಗೆಯಿಂದ ಅವಳು ವಿಧವೆಯಲ್ಲ, ಓಡಿಹೋದವನ ಹೆಂಡತಿ. ಗಂಡ ಬದುಕಿದ್ದಾನೆಂದು ತಿಳಿದೂ ಇನ್ನೊಬ್ಬನ ಕೈ ಹಿಡಿಯುವವಳಲ್ಲ ಅವಳು.

ಹಿಂದಿರುಗಿ ಕುಳಿತೆ. ಚಾಕು ತೆಗೆದುಕೊಂಡು, ಹಳೆಯ ಮಸಿಯನ್ನು ಮೆಲ್ಲಗೆ ಕೆರೆದು, ಹತ್ತೊಂಬತ್ತು ಎಂದು ತಿದ್ದಿದೆ. ತಪ್ಪು ಕಂಡ ಮೇಲೆ ತಿದ್ದದೆ ಬಿಡುವುದು ನನ್ನಿಂದ ಆಗುವುದಿಲ್ಲ. ಟಲ್ಲಿಗೂ ನನಗೂ ಅದೊಂದು ಸಮಾನ. ಅವನ ಕಾಗದವನ್ನು ಒಲೆಗೆ ಹಾಕಿದೆ.

ನಾಲ್ಕು ಗಂಟೆಗೆ ಪಾಲಿಸರ್ ತಾವೇ ಬಂದರು. ಕೊನೆಯ ಪುಟ ಓದಿ ತಲೆಯಾಡಿಸಿದರು. ಹೆಬ್ಬೆರಳಿನಿಂದ ಪುಟಗಳನ್ನು ಹಿಂದಕ್ಕೆ ಹಾರಿಸುತ್ತ ಹೋಗಿ ಒಂದು ಕಡೆ ನಿಂತರು.

"ಮಿಂಜಾದಲ್ಲಿ ಹತ್ತೊಂಬತ್ತಾ? ಟಲ್ಲಿ ಈ ಪುಟ ಬರೆದಾಗಿನಿಂದ, ಎರಡು ವರ್ಷ, ಮೆಸ್ಸಿನ ಊಟದಲ್ಲಿ ತೊಂಬತ್ತೊಂದು ಜನರ ಹೆಸರಲ್ಲಿ ಗ್ಲಾಸ್ ಎತ್ತುತ್ತಿದ್ದೀವಿ."

"ತಪ್ಪಾಗಿತ್ತು ಸರ್. ತಿದ್ದಿದೆ."

"ಯಾವುದನ್ನ ನೋಡಿ?" ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಕೆರೆದ ಜಾಗದ ಮೇಲೆ ಬೆರಳಿಟ್ಟು, ಬೆರಳಿಗೆ ಹತ್ತಿದ ಮಸಿ ನೋಡಿಕೊಂಡರು. "ಮಿಂಜಾದ ಮೂಲ ಕಾಗದಗಳನ್ನ ಟಲ್ಲಿ ನಕಲು ಮಾಡಿದ ವಾರವೇ ಗೆದ್ದಲು ತಿಂದುಹಾಕಿತ್ತು. ಅದನ್ನ ಕಣ್ಣಾರೆ ಕಂಡಿದ್ದೋನು ಅವನೊಬ್ಬನೇ. ನಿಮಗೆ ಯಾರು ಹೇಳಿದ್ರು ಮಿಸ್ ಕೀಬಲ್?"

ಜಗಲಿಯಲ್ಲಿ ಡಾರ್ಕಸ್‌ಳ ದನಿ ಕೇಳುತ್ತಿತ್ತು. ಸಣ್ಣ ಹೊಲಿಗೆ ಹಾಕಮ್ಮ, ಇನ್ನೂ ಸಣ್ಣದು, ಎನ್ನುತ್ತಿದ್ದಳು. ಶನಿವಾರದ ನಂತರ ಅವಳ ಸಂಜೆಗಳು ಸಾರ್ಜೆಂಟನ ಮನೆಯವು. ಮನಸ್ಸು ಬಿಚ್ಚಿ ಮಾತಾಡಲು ಈ ದಂಡಿನಲ್ಲಿ ನನಗಿದ್ದವಳು ಅವಳೊಬ್ಬಳೇ. ಈ ಮಾತನ್ನು ಎಂದೂ ಆಡಬಾರದವಳೂ ಅವಳೇ. ಅವಳಿಗೆ ಹೇಳುವುದಿಲ್ಲ. ರಡ್ಕಿನ್‌ಗೆ ಹೇಳುವುದಿಲ್ಲ. ಇವರಿಗಂತೂ ಇಲ್ಲ.

"ಯಾರೂ ಹೇಳಲಿಲ್ಲ ಸರ್," ಎಂದೆ.

ಪಾಲಿಸರ್ ಪುಸ್ತಕ ಮುಚ್ಚಲಿಲ್ಲ. ಎರಡನೆಯ ಕುರ್ಚಿಯನ್ನು ಎಳೆದುಕೊಂಡು ಕುಳಿತರು.